ಲೇಔಟ್ ಒಂದು ಕಡೆ, ಬಸ್ಸು ಇನ್ನೊಂದು ಕಡೆ

ಎಲ್ಲರಿಗೂ ನಮಸ್ಕಾರ.

ನಾನು ಹೇಳಬೇಕೆಂದಿರುವುದು ಒಂದೇ ಮಾತು. ಹೊಲ ಎನ್.ಎ. (ಕೃಷಿಯೇತರ ಜಮೀನು) ಆಗುವಾಗಲೇ ಅಲ್ಲಿಗೆ ಬಸ್ಸು ಹೇಗೆ ಬರುತ್ತದೆ ಅನ್ನುವುದೂ ತೀರ್ಮಾನ ಆಗಬೇಕು. ಈಗ ಹಾಗೆ ಆಗುತ್ತಿಲ್ಲ.

ಕಲಬುರಗಿಯ ಸೇಡಂ ರಸ್ತೆಯನ್ನೇ ನೋಡಿ. ಇಎಸ್‌ಐ ಆಸ್ಪತ್ರೆ, ಗುಲಬರ್ಗಾ ವಿಶ್ವವಿದ್ಯಾಲಯ, ಇನ್ನೂ ಮುಂದೆ ಹೋದರೆ 2019ರಲ್ಲಿ ಶುರುವಾದ ವಿಮಾನ ನಿಲ್ದಾಣ. ಆಳಂದ ರಸ್ತೆಗೆ ಬಂದರೆ ಕಡಗಂಚಿಯಲ್ಲಿ ಕೇಂದ್ರೀಯ ವಿಶ್ವವಿದ್ಯಾಲಯ. ದೊಡ್ಡ ಸಂಸ್ಥೆಗಳು ಊರ ಹೊರಗೆ ಹೋಗುವುದು ತಪ್ಪೇನಲ್ಲ, ಜಾಗ ಸಿಗುವುದೇ ಅಲ್ಲಿ. ಆದರೆ ಅವುಗಳ ಬೆನ್ನಿಗೇ ಪ್ಲಾಟುಗಳು ಹೋಗುತ್ತವೆ. ತೊಗರಿ ಹೊಲದಲ್ಲಿ ಕಲ್ಲು ನೆಟ್ಟು, ಬಾಗಿಲಿಗೊಂದು ಕಮಾನು ಕಟ್ಟಿದರೆ ಬುಕಿಂಗ್ ಶುರು. ಬಸ್ಸು? ಅದು ಆಮೇಲೆ ನೋಡೋಣ.

ಇಂಥ ಲೇಔಟಿನ ಒಳಗೆ ಒಮ್ಮೆ ನಡೆದು ನೋಡಿ. 30 ಅಡಿ ರಸ್ತೆ ನೇರ ಹೋಗಿ ಪಕ್ಕದ ಲೇಔಟಿನ ಕಾಂಪೌಂಡಿಗೆ ಮುಟ್ಟಿ ನಿಲ್ಲುತ್ತದೆ. ಗೋಡೆಯ ಆಚೆಗೂ ಅಂಥದ್ದೇ ರಸ್ತೆ! ಬಸ್ಸು ಒಳಗೆ ಬಂದರೂ ತಿರುಗಿಸಲು ಜಾಗ ಇಲ್ಲ. ಹಾಗಾಗಿ ಮುಖ್ಯರಸ್ತೆವರೆಗೆ ನಡೀಬೇಕು, ಇಲ್ಲಾ ಟಂಟಂ (ಶೇರ್ ಆಟೊ) ಹಿಡೀಬೇಕು, ಇಲ್ಲಾ ಸಾಲ ಮಾಡಿ ಬೈಕು ತಗೋಬೇಕು. ಶಕ್ತಿ ಯೋಜನೆ ಬಂದ ಮೇಲೆ, ಅಂದರೆ 2023ರಿಂದ, ಹೆಣ್ಣುಮಕ್ಕಳಿಗೆ ಬಸ್ ಟಿಕೆಟ್ ಫ್ರೀ. ಆ ಫ್ರೀ ಬಸ್ಸಿನ ಹತ್ತಿರ ಹೋಗಲು ಮಾತ್ರ ಟಂಟಂಗೆ ದುಡ್ಡು ಕೊಡಬೇಕು. ಇದು ಅನ್ಯಾಯ ಅಲ್ವಾ?

ಕಾರಣ ಸರಳ. ಲೇಔಟಿಗೆ ಒಪ್ಪಿಗೆ ಕೊಡುವುದು ನಗರಾಭಿವೃದ್ಧಿ ಪ್ರಾಧಿಕಾರ, 1961ರ ಕರ್ನಾಟಕ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ ಪ್ರಕಾರ. ಬಸ್ಸು ಓಡಿಸುವುದು ಕಲ್ಯಾಣ ಕರ್ನಾಟಕ ಸಾರಿಗೆ ನಿಗಮ. ಎರಡೂ ಬೇರೆ ಬೇರೆ ಕಚೇರಿ. ಹೊಸ ಬಡಾವಣೆಗೆ ಬಸ್ಸು ಕೇಳಿದರೆ ಮೊದಲ ಪ್ರಶ್ನೆ, ಕಲೆಕ್ಷನ್ ಬರುತ್ತಾ? ಹತ್ತು ಮನೆ ಇರುವಾಗ ಎಲ್ಲಿಂದ ಬರಬೇಕು? ನೂರು ಮನೆ ಆಗುವ ಹೊತ್ತಿಗೆ ಎಲ್ಲರ ಬಾಗಿಲಲ್ಲೂ ಬೈಕು ನಿಂತಿರುತ್ತದೆ. ಆಮೇಲೆ ಬಸ್ಸು ಬಂದರೂ ಖಾಲಿ.

ರೈಲು ನಿಲ್ದಾಣದ ಸುತ್ತಲೂ ಇದೇ ಎಚ್ಚರ ಬೇಕು. ಬೀದರ್–ಕಲಬುರಗಿ ರೈಲು ಮಾರ್ಗ 2017ರಲ್ಲಿ ಉದ್ಘಾಟನೆ ಆಯಿತು, ಸುಮಾರು 110 ಕಿಲೋಮೀಟರ್. ಹುಮನಾಬಾದ್‌ನಂಥ ನಿಲ್ದಾಣದ ಸುತ್ತ ಪ್ಲಾಟು ತುಂಬುವ ಮೊದಲೇ ಅಗಲದ ರಸ್ತೆಗೆ, ಬಸ್ ನಿಲ್ಲಲು ಜಾಗ ತೆಗೆದಿಡಬೇಕು. ತುಂಬಿದ ಮೇಲೆ ಅಗಲ ಮಾಡಲು ಹೋದರೆ ಪರಿಹಾರ, ಕೋರ್ಟು, ತಡೆಯಾಜ್ಞೆ. ಯಾದಗಿರಿಯ ಕಡೇಚೂರು ಕೈಗಾರಿಕಾ ಪ್ರದೇಶದಲ್ಲೂ ಅಷ್ಟೇ. ರಾತ್ರಿ ಶಿಫ್ಟ್ ಮುಗಿಸಿದವರಿಗೆ ಬಸ್ಸು ಬೇಕು, ಇಲ್ಲವೇ ನಡೆದು ಹೋಗುವಷ್ಟು ಹತ್ತಿರ ಬಾಡಿಗೆ ಮನೆ ಬೇಕು. ಎರಡೂ ಇಲ್ಲದಿದ್ದರೆ ದೂರದೂರಿನವರು ಆ ಕೆಲಸಕ್ಕೆ ಹೇಗೆ ಬರುತ್ತಾರೆ?

ರಿಂಗ್ ರೋಡ್ ಇದೆಯಲ್ಲ ಅನ್ನುವವರಿದ್ದಾರೆ. ರಿಂಗ್ ರೋಡು ಲಾರಿಗೆ ಅನುಕೂಲ. ಜೊತೆಗೆ ಇನ್ನಷ್ಟು ಲೇಔಟಿಗೆ ದಾರಿ ಮಾಡಿಕೊಡುತ್ತದೆ, ಅಷ್ಟೇ.

ನನ್ನ ಬೇಡಿಕೆ ದೊಡ್ಡದಲ್ಲ. ಲೇಔಟ್ ಫೈಲಿನಲ್ಲಿ ಸಾರಿಗೆ ನಿಗಮದ ಒಂದು ಪುಟ ಇರಲಿ: ಸ್ಟಾಪ್ ಎಲ್ಲಿ, ಬಸ್ಸು ತಿರುಗುವುದು ಎಲ್ಲಿ, ಪಕ್ಕದ ಲೇಔಟಿನ ಯಾವ ರಸ್ತೆಗೆ ಇದು ಕೂಡುತ್ತದೆ. ಮೊದಲ ಎರಡು ವರ್ಷದ ನಷ್ಟದಲ್ಲಿ ಪ್ಲಾಟು ಮಾರುವವರೂ ಪಾಲು ಕೊಡಲಿ. ನಗರದ ಮಾಸ್ಟರ್ ಪ್ಲಾನ್ ಕರಡು ಬಂದಾಗ ಆಕ್ಷೇಪಣೆ ಹಾಕಲು ಅವಕಾಶ ಇರುತ್ತದೆ. ನಮ್ಮಲ್ಲಿ ಹೆಚ್ಚಿನವರು ಆಗ ತಮ್ಮ ಸರ್ವೆ ನಂಬರ್ ಹಳದಿ ಬಣ್ಣದಲ್ಲಿ, ಅಂದರೆ ವಸತಿ ವಲಯದಲ್ಲಿ, ಬಂತಾ ಅಂತ ಮಾತ್ರ ನೋಡುತ್ತಾರೆ. ಈ ಸಲ ಬಸ್ ಸ್ಟಾಪ್ ಎಲ್ಲಿದೆ ಅಂತಲೂ ಕೇಳಿ, ಬರೆದು ಕೊಡಿ, ಸ್ವೀಕೃತಿ ತಗೊಂಡು ಬನ್ನಿ.