ಚಿಗರಿ ನೋಡಬೇಕಾದರೆ ಕುಂದ್ರಬೇಕು

ಕೇಳುಗರಿಗೆ ನಮಸ್ಕಾರ.

ಕರ್ನಾಟಕದ ಕಿರೀಟ ಅಂತ ಬೀದರನ್ನು ಎಲ್ಲರೂ ಹೊಗಳುತ್ತಾರೆ. ಆಮೇಲೆ ಏನು ಮಾಡುತ್ತಾರೆ? ಹತ್ತು ಗಂಟೆ ಬಿಸಿಲಿಗೆ ಬಂದು ಕೋಟೆ ಸುತ್ತುತ್ತಾರೆ. ಬಹಮನಿ ಮಂತ್ರಿ ಗವಾನನ ಮದರಸಾ ಮುಂದೆ ಒಂದು ಫೋಟೊ, ಊರ ನಡುವಿನ ಚೌಬಾರಾ ಗೋಪುರದ ಹತ್ತಿರ ಒಂದು ಚಹಾ, ಸಂಜೆ ಬಸ್ಸು. ಬೀದರ್ ಮುಗೀತು! ಇಲ್ಲ ರೀ, ಮುಗಿದಿಲ್ಲ. ಅರ್ಧ ಬೀದರ್ ಊರ ಹೊರಗಿನ ಹುಲ್ಲಿನಲ್ಲಿದೆ. ಅದನ್ನು ನೋಡಲು ನಸುಕಿನಲ್ಲಿ ಹೋಗಬೇಕು, ಹೋಗಿ ಸುಮ್ನೆ ಕೂರಬೇಕು. ನಾನು ಹೇಳಲು ಬಂದಿರುವುದು ಇದೊಂದೇ ಮಾತು.

ಕಾಡು ಅಂದರೆ ದೊಡ್ಡ ಮರ, ಕತ್ತಲೆ, ಆನೆ ಅಂತ ನಮ್ಮ ತಲೆಯಲ್ಲಿ ಕೂತುಬಿಟ್ಟಿದೆ. ಅದು ಮಲೆನಾಡಿನ ಕಾಡು. ನಮ್ಮದು ಕೆಂಪು ಜಂಬಿಟ್ಟಿಗೆ ಕಲ್ಲಿನ ಬಯಲು. ಮೇಲೆ ತೆಳ್ಳಗೆ ಮಣ್ಣು, ಹುಲ್ಲು, ಅಲ್ಲೊಂದು ಇಲ್ಲೊಂದು ಜಾಲಿ. ಈ ಹುಲ್ಲೇ ಚಿಗರಿಯ ಮನೆ. ಪುಸ್ತಕದಲ್ಲಿ ಕೃಷ್ಣಮೃಗ ಅಂತಾರೆ, ನಮಗೆ ಅದು ಚಿಗರಿ. ದೂರದಿಂದಲೇ ಕಂಡು, ಗಂಟೆಗೆ 80 ಕಿಲೋಮೀಟರ್ ವೇಗದವರೆಗೂ ಓಡಿ ಜೀವ ಉಳಿಸಿಕೊಳ್ಳುವ ಪ್ರಾಣಿ. ಅದಕ್ಕೆ ಬಯಲೇ ಬೇಕು. "ಖಾಲಿ ಜಾಗ ಬಿದ್ದಿದೆ, ಗಿಡ ಹಚ್ಚೋಣ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ, ಕ್ಷಮಿಸಿ.

ಹೋದ ಚಳಿಗಾಲ ಬೆಂಗಳೂರಿನಿಂದ ನನ್ನ ತಂಗಿಯ ಮಗ ಬಂದಿದ್ದ. ಐದು ಗಂಟೆಗೆ ಎಬ್ಬಿಸಿ ಹೊನ್ನಿಕೇರಿ ಅರಣ್ಯದ ಕಡೆ ಕರೆದುಕೊಂಡು ಹೋದೆ. ಇಳಿದವನೇ, "ಮಾಮಾ, ಕಾಡೆಲ್ಲಿ?" ಅಂದ. ಕಾಡಿನಲ್ಲೇ ನಿಂತಿದ್ದೀಯಪ್ಪಾ ಅಂದೆ. ನಂಬಲಿಲ್ಲ. ಹತ್ತು ನಿಮಿಷ ಆ ಕಡೆ ಈ ಕಡೆ ನಡೆದ, ಫೋನು ನೋಡಿದ, ಸಿಗ್ನಲ್ ಇಲ್ಲ ಅಂದ. ಕುರಿ ಹೊಡೆದುಕೊಂಡು ಬಂದ ಒಬ್ಬ ತಾತ ಇದನ್ನೆಲ್ಲ ನೋಡುತ್ತಿದ್ದ. ಕಡೆಗೆ ಅವನಿಗೇ ತಡೆಯಲಾಗಲಿಲ್ಲ. "ತಮ್ಮಾ, ಕುಂದ್ರು. ನೀ ನಿಂತ್ರ ಅದಕ್ಕ ಕಾಣ್ತಿ, ಕುಂತ್ರ ಅದು ನಿನಗ ಕಾಣ್ತದ" ಅಂದ. ನಾನು ಇಷ್ಟು ವರ್ಷ ಪಾಠ ಮಾಡಿದ್ದು ದಂಡ, ಅಲ್ವಾ?

ಕೂತೆವು. ಪಕ್ಕದಲ್ಲೇ ಹಿಕ್ಕೆಯ ಗುಡ್ಡೆ ಇತ್ತು. ಕೆಳಗಿನದು ಒಣಗಿ ಬೂದಿ ಬಣ್ಣ, ಮೇಲಿನದು ಇನ್ನೂ ಕಪ್ಪಗೆ ಹೊಳೆಯುತ್ತಿತ್ತು. ಗಂಡು ಚಿಗರಿ ದಿನಾ ಒಂದೇ ಜಾಗಕ್ಕೆ ಬಂದು ಹಿಕ್ಕೆ ಹಾಕುತ್ತದೆ. ಇದು ನನ್ನ ಹೊಲ ಅಂತ ಹಾಕಿದ ಬಾಂದುಗಲ್ಲು ಅದು. ಬಿಸಿಲು ಸ್ವಲ್ಪ ಏರಿತು. ಯಜಮಾನ ಬಂದೇಬಿಟ್ಟ. ಬೆನ್ನು ಕಪ್ಪು, ಹೊಟ್ಟೆ ಬಿಳುಪು, ಕಣ್ಣ ಸುತ್ತ ಬಿಳಿ ಉಂಗುರ. ಮೂಗು ಮೇಲೆತ್ತಿ, ತಿರುಪಿದ ಕೊಂಬು ಬೆನ್ನಿಗೆ ತಾಗುವ ಹಾಗೆ ಹಿಂದಕ್ಕೆ ಚಾಚಿ, ಮದುವೆಮನೆಯ ಬೀಗರಂತೆ ನಡೆಯುತ್ತಿದ್ದ. ಹಿಂದೆ ಕೊಂಬಿಲ್ಲದ, ಕಂದು ಬಣ್ಣದ ಏಳು ಹೆಣ್ಣುಗಳು. ಹುಡುಗನ ಫೋನು ಕೈಯಲ್ಲೇ ಇತ್ತು. ಫೋಟೊ ಹೊಡೆಯುವುದನ್ನೇ ಮರೆತಿದ್ದ.

ಅಯ್ಯೋ, ಸ್ಟುಡಿಯೋ ಗಾಜಿನ ಆಚೆಯಿಂದ ಎರಡೇ ನಿಮಿಷ ಅಂತ ಎರಡು ಬೆರಳು ತೋರಿಸುತ್ತಿದ್ದಾರೆ. ಉಳಿದದ್ದು ಬೇಗ ಹೇಳುತ್ತೇನೆ. ಹುಲ್ಲಿನಲ್ಲಿ ಮರಿ ಒಂದೇ ಮಲಗಿದ್ದರೆ ಎತ್ತಬೇಡಿ. ತಾಯಿ ಅಡಗಿಸಿಟ್ಟು ಮೇಯಲು ಹೋಗಿರುತ್ತದೆ, ವಾಪಸ್ ಬರುತ್ತದೆ. ಬೀದರಿನ ಝರಣಿ ನರಸಿಂಹನ ಗುಹೆ ಗುಡಿಯಲ್ಲಿ ಎದೆಮಟ್ಟ ನೀರು, ತಲೆಯ ಮೇಲೆ ಬಾವಲಿ. ಅವಕ್ಕೆ ಟಾರ್ಚ್ ಹಿಡಿಯಬೇಡಿ. ಊರ ಪಕ್ಕದ ನೌಬಾದಿನ ಸುರಂಗ ಬಾವಿ ಬಹಮನಿ ಕಾಲದ್ದು. ಕಲ್ಲು ಕೊರೆದು, ನೆಲದಡಿಯ ನೀರು ಇಳಿಜಾರಿನಲ್ಲಿ ತಾನೇ ಹರಿಯುವ ಹಾಗೆ ಮಾಡಿದ್ದಾರೆ. ಅದಕ್ಕೇ ಒಂದು ಭಾಷಣ ಬೇಕು. ಇನ್ನೊಂದು ದಿನ ಇದ್ದರೆ ಕಲಬುರಗಿ ಜಿಲ್ಲೆಯ ಚಿಂಚೋಳಿಗೆ ಹೋಗಿ. 2011ರಲ್ಲಿ ವನ್ಯಜೀವಿಧಾಮ ಆಯಿತು. ಅಲ್ಲಿ ಮರದ ಕಾಡೂ ಇದೆ, ಚಂದ್ರಂಪಳ್ಳಿ ಕೆರೆಯೂ ಇದೆ. ಮರ ಬೇಕು ಅನ್ನುವವರಿಗೆ ಸಮಾಧಾನ ಆಗುತ್ತದೆ.

ಕೋಟೆ ಎಲ್ಲೂ ಓಡಿಹೋಗುವುದಿಲ್ಲ, ಮಧ್ಯಾಹ್ನ ನೋಡಬಹುದು. ಅಲಾರಂ ಮಾತ್ರ ನಾಲ್ಕೂವರೆಗೆ ಇಡಿ. ನಮಸ್ಕಾರ.