ಹತ್ತು ನಿಮಿಷದ ಅಂತರ

ಕೇಳುಗರಿಗೆ ನಮಸ್ಕಾರ.

2006ರ ಮಾರ್ಚ್ 13. ಲಂಡನ್ನಿನ ನಾರ್ತ್‌ವಿಕ್ ಪಾರ್ಕ್ ಆಸ್ಪತ್ರೆಯ ಆವರಣ. ಟಿಜಿಎನ್ 1412 ಎಂಬ ಹೊಸ ಔಷಧಿ ಮೊದಲ ಬಾರಿಗೆ ಮನುಷ್ಯರ ಮೈ ಸೇರಲಿತ್ತು. ಬಂದಿದ್ದವರು ಎಂಟು ಜನ, ಎಲ್ಲರೂ ಆರೋಗ್ಯವಾಗಿದ್ದ ಗಂಡಸರು. ಆರು ಮಂದಿಗೆ ನಿಜವಾದ ಔಷಧಿ, ಇಬ್ಬರಿಗೆ ಔಷಧಿಯಿಲ್ಲದ ಡ್ರಿಪ್.

ಮಂಗಗಳಿಗೆ ಏನೂ ಆಗದ ಪ್ರಮಾಣದ 500ರಲ್ಲಿ ಒಂದು ಪಾಲು ಮಾತ್ರ ಇವರಿಗೆ ಕೊಟ್ಟದ್ದು. ಇಷ್ಟು ಕಡಿಮೆಯಾದರೆ ಭಯವಿಲ್ಲ ಅಂತಲೇ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಸುಮಾರು ಹತ್ತು ನಿಮಿಷಕ್ಕೊಬ್ಬರಂತೆ ಕೊಡುತ್ತಾ ಹೋದರು. ಮೊದಲನೆಯವರಿಗೆ ತಲೆನೋವು, ಬೆನ್ನುನೋವು, ವಾಂತಿ ಶುರುವಾಗುವಷ್ಟರಲ್ಲಿ ಕೊನೆಯವರ ಮೈಗೂ ಔಷಧಿ ಸೇರಿಯಾಗಿತ್ತು. ಆ ಆರೂ ಜನ ತೀವ್ರ ನಿಗಾ ಘಟಕ ಸೇರಿದರು. ಜೀವ ಉಳಿಯಿತು. ಆದರೆ ಒಬ್ಬರು ಕಾಲಿನ ಬೆರಳುಗಳನ್ನೂ ಕೈಬೆರಳುಗಳ ತುದಿಯನ್ನೂ ಕಳೆದುಕೊಂಡರು.

ಔಷಧಿ ಗೆದ್ದಿದ್ದರೆ ಕೀಲುವಾತದ, ರಕ್ತದ ಕ್ಯಾನ್ಸರಿನ ರೋಗಿಗಳಿಗೆ ಲಾಭವಿತ್ತು. ಆ ಎಂಟು ಜನಕ್ಕೆ? ಅವರಿಗೆ ಕಾಯಿಲೆಯೇ ಇರಲಿಲ್ಲ. ಅವರಿಗೆ ಸಿಗುತ್ತಿದ್ದದ್ದು ದುಡ್ಡು. ಪರೀಕ್ಷೆಯ ಲಾಭವನ್ನೂ ಅಪಾಯವನ್ನೂ ತಕ್ಕಡಿಯಲ್ಲಿಟ್ಟು ನೋಡುವಾಗ ದುಡ್ಡನ್ನು ಲಾಭದ ತಟ್ಟೆಗೆ ಹಾಕಿ ತೂಗಬಾರದು. ಹಾಗೆ ತೂಗಿದರೆ, ಜಾಸ್ತಿ ಕೊಟ್ಟಷ್ಟೂ ಜಾಸ್ತಿ ಅಪಾಯಕ್ಕೆ ಒಪ್ಪಿಗೆ ಸಿಕ್ಕಿಬಿಡುತ್ತದೆ. ಬಡವರೇ ಮೊದಲು ಬಂದು ಸಾಲಿನಲ್ಲಿ ನಿಲ್ಲುತ್ತಾರೆ.

ನನ್ನನ್ನು ಇಂದಿಗೂ ಕಾಡುವುದು ಆ ಹತ್ತು ನಿಮಿಷ. ಮೊದಲನೆಯವರಿಗೆ ಕೊಟ್ಟು ಒಂದು ದಿನ ಕಾದಿದ್ದರೆ ಸಂಶೋಧನೆಗೆ ಏನು ನಷ್ಟವಾಗುತ್ತಿತ್ತು? ಏನೂ ಇಲ್ಲ. ಉಳಿದ ಐವರು ಆ ಸಂಕಟದಿಂದ ಪಾರಾಗುತ್ತಿದ್ದರು. ಲಾಭ ದೊಡ್ಡದೋ ಅಪಾಯ ದೊಡ್ಡದೋ ಅಂತ ಕೇಳುವ ಮೊದಲು, ಈ ಅಪಾಯವನ್ನು ಇನ್ನೂ ತಗ್ಗಿಸಬಹುದೇ ಅಂತ ಕೇಳಬೇಕು. ಮರುವರ್ಷವೇ ಯುರೋಪಿನ ಔಷಧ ಸಂಸ್ಥೆ ಹೊಸ ಮಾರ್ಗಸೂಚಿ ತಂದಿತು. ಮೊದಲು ಒಬ್ಬರಿಗೆ ಕೊಡಿ, ಕಾದು ನೋಡಿ, ಆಮೇಲೆ ಮುಂದಿನವರು ಎಂದಿತು.

ನಮ್ಮ ದೇಶದಲ್ಲೂ ಇಂಥ ಪರೀಕ್ಷೆಗೆ ಎಥಿಕ್ಸ್ ಕಮಿಟಿಯ, ಅಂದರೆ ಪರೀಕ್ಷೆಗೆ ಒಳಗಾಗುವವರ ಹಿತ ಕಾಯುವ ಸಮಿತಿಯ, ಒಪ್ಪಿಗೆ ಬೇಕೇ ಬೇಕು. 2019ರ ನಿಯಮದ ಪ್ರಕಾರ ಅದರಲ್ಲಿ ಕಡಿಮೆಯೆಂದರೆ ಏಳು ಜನ ಇರಬೇಕು. ಅವರಲ್ಲಿ ಒಬ್ಬರಾದರೂ ವೈದ್ಯರಲ್ಲದ, ವಿಜ್ಞಾನಿಯಲ್ಲದ ಸಾಮಾನ್ಯ ವ್ಯಕ್ತಿ. ನಿಮ್ಮ ಊರಿನ ನಿವೃತ್ತ ಮೇಷ್ಟರೂ ಆಗಬಹುದು. ದೊಡ್ಡ ಡಾಕ್ಟರುಗಳ ಮುಂದೆ ನಾನೇನು ಮಾತಾಡಲಿ ಅಂತ ಅವರು ಸುಮ್ನೆ ಕೂರಬಾರದು. ಇಷ್ಟು ಕೇಳಿದರೂ ಸಾಕು: "ಒಬ್ಬರಿಗೆ ಕೊಟ್ಟ ಮೇಲೆ ಇನ್ನೊಬ್ಬರಿಗೆ ಕೊಡೋಕೆ ಎಷ್ಟು ಹೊತ್ತು ಕಾಯ್ತೀರಿ, ಸರ್?"

ನಮಸ್ಕಾರ.