ಸದ್ದಡಗಿದ ಕರುಳು

ಕೇಳುಗರಿಗೆ ನಮಸ್ಕಾರ.

ಆರೋಗ್ಯವಂತ ಕುದುರೆಯ ಹೊಟ್ಟೆ ಸುಮ್ಮನಿರುವುದೇ ಇಲ್ಲ. ಪಕ್ಕೆಲುಬಿನ ಹಿಂದಿನ ಕುಳಿಯಲ್ಲಿ ಸ್ಟೆತೊಸ್ಕೋಪ್ ಇಟ್ಟು ನಿಂತರೆ ಗುಡುಗುಡು, ಬುಳಬುಳ ಸದ್ದು ಕೇಳುತ್ತಲೇ ಇರುತ್ತದೆ. ಹೊಟ್ಟೆಶೂಲೆಯಿಂದ ಕುದುರೆ ಹೊರಳಾಡಿದರೆ ಎಲ್ಲರೂ ಓಡಿ ಬರುತ್ತಾರೆ. ಪಶುವೈದ್ಯನಾದ ನನ್ನನ್ನು ಹೆಚ್ಚು ಕಂಗೆಡಿಸುವುದು ಸದ್ದೇ ಇಲ್ಲದ ಹೊಟ್ಟೆ.

ಕರುಳಿನ ಗೋಡೆಯಲ್ಲಿ ಸ್ನಾಯುವಿನ ಎರಡು ಪದರಗಳಿವೆ. ಅವುಗಳ ನಡುವೆ ನರಕೋಶಗಳ ಬಲೆ ಹರಡಿದೆ. ಮೇವಿನ ಮುದ್ದೆ ಬಂದು ಗೋಡೆ ಹಿಗ್ಗಿದೊಡನೆ ಈ ನರಗಳು ಮುದ್ದೆಯ ಹಿಂದೆ ಅಸಿಟೈಲ್‌ಕೋಲಿನ್ ಎಂಬ ರಾಸಾಯನಿಕ ಸುರಿಸಿ ಸ್ನಾಯುವನ್ನು ಬಿಗಿಗೊಳಿಸುತ್ತವೆ; ಮುಂದೆ ನೈಟ್ರಿಕ್ ಆಕ್ಸೈಡ್ ಬಿಟ್ಟು ಸಡಿಲಿಸುತ್ತವೆ. ಮೇವು ಸಾಗುವುದು ಹೀಗೆ. ಮಿದುಳಿನಿಂದ ಬರುವ ವೇಗಸ್ ನರ ಈ ಕೆಲಸವನ್ನು ಚುರುಕುಗೊಳಿಸಬಲ್ಲದು, ಆದರೆ ದಿನನಿತ್ಯದ ದುಡಿಮೆಯೆಲ್ಲ ಕರುಳಿನೊಳಗಿನ ಬಲೆಯದೇ. ಆ ಬಲೆಯೇ ಸತ್ತರೆ?

ಸ್ಕಾಟ್ಲೆಂಡಿನ ಪೂರ್ವ ಭಾಗದಲ್ಲಿ, 20ನೆಯ ಶತಮಾನದ ಮೊದಲ ದಶಕದಲ್ಲಿ, ಡಂಡೀ ನಗರದ ಹತ್ತಿರದ ಬ್ಯಾರಿ ಸೈನಿಕ ಶಿಬಿರದ ಕುದುರೆಗಳಲ್ಲಿ ಇಂಥ ಕಾಯಿಲೆಯೊಂದು ಕಾಣಿಸಿಕೊಂಡಿತು. ಹುಲ್ಲುಗಾವಲಿನಲ್ಲಿ ಮೇಯುವ ಕುದುರೆಗಳಿಗೇ ಹೆಚ್ಚಾಗಿ ಬರುವುದರಿಂದ ಅದಕ್ಕೆ ಗ್ರಾಸ್ ಸಿಕ್‌ನೆಸ್ ಅಂದರೆ ಹುಲ್ಲಿನ ಕಾಯಿಲೆ ಎಂಬ ಹೆಸರು ಬಂತು. ವಸಂತದ ಕೊನೆಯಲ್ಲಿ ಅದರ ಹಾವಳಿ ಹೆಚ್ಚು. ಎರಡರಿಂದ ಏಳು ವರ್ಷದ ಕುದುರೆಗಳೇ ಹೆಚ್ಚಾಗಿ ಬಲಿಯಾಗುತ್ತವೆ. ದಕ್ಷಿಣ ಅಮೆರಿಕದ ಪೆಟಗೋನಿಯಾದಲ್ಲೂ ಇದೇ ಕಾಯಿಲೆ ಇದೆ, ಅಲ್ಲಿ ಮಾಲ್ ಸೆಕೊ ಎನ್ನುತ್ತಾರೆ. ಮಣ್ಣಿನ ಕ್ಲಾಸ್ಟ್ರಿಡಿಯಂ ಬೊಟುಲಿನಮ್ ಬ್ಯಾಕ್ಟೀರಿಯಾದ ವಿಷವೇ ಕಾರಣವೆಂಬ ಶಂಕೆ ಹಳೆಯದು, ಇನ್ನೂ ಸಾಬೀತಾಗಿಲ್ಲ. ನೂರು ವರ್ಷಕ್ಕೂ ಹೆಚ್ಚು ಕಾಲ ಹುಡುಕಿದರೂ ಕಾರಣ ಕೈಗೆ ಸಿಗದಿರುವುದು ನನಗೆ ನಿಜಕ್ಕೂ ಸಂಕಟದ ವಿಷಯ.

ರೋಗ ಹಿಡಿದ ಕುದುರೆ ನೀರಿನ ತೊಟ್ಟಿಗೆ ಮೂತಿ ಇಟ್ಟು ನಿಲ್ಲುತ್ತದೆ, ನುಂಗಲಾರದು. ಜೊಲ್ಲು ಸುರಿಯುತ್ತದೆ. ಮೈಯಲ್ಲಿ ಅಲ್ಲಲ್ಲಿ ಮಾತ್ರ ಬೆವರು, ತೊಡೆ ಭುಜಗಳಲ್ಲಿ ನಡುಕ. ಲದ್ದಿ ಗಟ್ಟಿ ಉಂಡೆಗಳಾಗಿ, ಲೋಳೆ ಮೆತ್ತಿಕೊಂಡು ಬೀಳುತ್ತದೆ, ಇಲ್ಲವೇ ಬೀಳುವುದೇ ಇಲ್ಲ. ಕುದುರೆಗೆ ವಾಂತಿ ಮಾಡಲಾಗದು. ಸಣ್ಣ ಕರುಳು ನಿಂತರೆ ಹಿಂದಕ್ಕೆ ತುಂಬಿಕೊಂಡ ದ್ರವದಿಂದ ಜಠರ ಒಡೆಯುವ ಅಪಾಯವಿದೆ. ಮೂಗಿನಿಂದ ಕೊಳವೆ ಇಳಿಸಿ ತೆಗೆಯಬೇಕು. ಇಲ್ಲಿ ಒಂದು ಮಾತು: ನುಂಗಲಾಗದ ಕುದುರೆಗೆ ಯಾವ ಕಾಯಿಲೆಯೇ ಇರಲಿ, ಗೊಟ್ಟದಲ್ಲಿ ಎಣ್ಣೆ, ಕಷಾಯ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿದು ಕುದುರೆಯನ್ನು ಕೊಲ್ಲುತ್ತದೆ.

ಪತ್ತೆ ಹಚ್ಚುವ ಒಂದು ಸುಲಭ ಪರೀಕ್ಷೆ ಇದೆ. ಈ ರೋಗದಲ್ಲಿ ಮೇಲಿನ ರೆಪ್ಪೆ ಜೋತುಬಿದ್ದು ರೆಪ್ಪೆಗೂದಲು ಕೆಳಮುಖವಾಗಿರುತ್ತದೆ. ಒಂದು ಕಣ್ಣಿಗೆ ಮಾತ್ರ ಫಿನೈಲೆಫ್ರಿನ್ ಎಂಬ ಔಷಧದ ಹನಿ ಹಾಕಿ ಅರ್ಧ ಗಂಟೆ ಕಾಯಬೇಕು. ಕುದುರೆಯ ಎದುರು ನಿಂತು ನೋಡಿದರೆ ಹನಿ ಹಾಕಿದ ಕಣ್ಣಿನ ರೆಪ್ಪೆ ಮೇಲೆದ್ದು, ಇನ್ನೊಂದು ಹಾಗೇ ಜೋತಿರುತ್ತದೆ. ಕರುಳನ್ನು ಕೆಡಿಸಿದ ನರರೋಗವೇ ಕಣ್ಣಿನಲ್ಲೂ ಇದೆ ಎಂಬ ಸುಳಿವು ಅದು. ಖಚಿತಪಡಿಸಬೇಕಾದರೆ ಕರುಳಿನ ತುಣುಕು ತೆಗೆದು ಸೂಕ್ಷ್ಮದರ್ಶಕದಲ್ಲಿ ನರಕೋಶಗಳನ್ನೇ ನೋಡಬೇಕು.

ತೀವ್ರ ರೂಪದ ರೋಗ ಬಂದ ಕುದುರೆ ಎರಡೇ ದಿನಗಳಲ್ಲಿ ಸಾಯುತ್ತದೆ. ಹಿಂಸೆ ತಪ್ಪಿಸಲು ದಯಾಮರಣ ಕೊಡುವುದೇ ಸರಿ. ನಿಧಾನ ರೂಪದ ಕಾಯಿಲೆಯಲ್ಲಿ, ಸ್ವಲ್ಪವಾದರೂ ನುಂಗಬಲ್ಲ ಕುದುರೆಗಳಲ್ಲಿ ಹಲವು ಬದುಕಿವೆ. ಅವಕ್ಕೆ ಬೇಕಾದದ್ದು ಕಂಬಳಿಯ ಬಿಸುಪು, ಹಸಿ ಹುಲ್ಲು, ಕ್ಯಾರೆಟ್, ನೆನೆಸಿದ ಧಾನ್ಯ. ದಿನಕ್ಕೆ ಹಲವು ಸಲ ಸ್ವಲ್ಪ ಸ್ವಲ್ಪವೇ ತಿನ್ನಿಸಬೇಕು. ಮೈ ಉಜ್ಜುತ್ತಾ, ಮಾತನಾಡಿಸುತ್ತಾ ಪಕ್ಕದಲ್ಲಿ ಇರುವ ಮನುಷ್ಯನೂ ಬೇಕು. ಒಣಗಿದ ಮೈ ತುಂಬಿಕೊಳ್ಳಲು ತಿಂಗಳುಗಳೇ ಹಿಡಿಯುತ್ತವೆ. ಕೆಲವು ಕುದುರೆಗಳು ಮತ್ತೆ ಸವಾರಿಗೂ ಹೊರಟಿವೆ.